ಡಬ್ಬಿ ಹಾಲು, ಕೊಳವೆಬಾವಿಯ ನೀರು, ಕೂಸಿನ ಕರುಳು

ತಾಯಿಯ ಎದೆಹಾಲು ಸಿಗದ ಅಥವಾ ಸಾಲದ ಎಳೆಗೂಸಿಗೆ ಕೊಡಲೆಂದು ಕಾರ್ಖಾನೆಯಲ್ಲಿ ತಯಾರಾಗುವ ಹಾಲಿನ ಪುಡಿ, ಜನರ ಮಾತಿನ ಡಬ್ಬಿ ಹಾಲು, ಬೆಂಗಳೂರಿನಲ್ಲಿ ಕೊಂಡರೂ ಇಳಕಲ್ಲಿನಲ್ಲಿ ಕೊಂಡರೂ ಒಂದೇ ವಸ್ತು. ಆದರೆ ಕೂಸಿನ ಹೊಟ್ಟೆಗೆ ಹೋಗುವುದು ಪುಡಿಯಲ್ಲ, ಆ ಪುಡಿಯನ್ನು ಅದರ ಏಳೆಂಟು ಪಟ್ಟು ತೂಕದ ನೀರಿನಲ್ಲಿ ಕದಡಿದ ದ್ರವವಾದ್ದರಿಂದ, ಅದರ ಗುಣ ಊರಿಂದೂರಿಗೆ ಬದಲಾಗುತ್ತದೆ. ಒಂದು ಕಾಲದಲ್ಲಿ ಕಲಾದಗಿ ಜಿಲ್ಲೆ ಎನಿಸಿಕೊಂಡು, 1880ರ ದಶಕದಲ್ಲಿ ಆಡಳಿತದ ಕೇಂದ್ರ ವಿಜಯಪುರಕ್ಕೆ ಹೋದ ಮೇಲೆ ಆ ಹೆಸರನ್ನು ಕಳೆದುಕೊಂಡು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗಿ ಬೇರ್ಪಟ್ಟ ಸೀಮೆಯಲ್ಲಿ ಈ ಮಾತು ಇನ್ನಷ್ಟು ನಿಜ. ಘಟಪ್ರಭೆ, ಮಲಪ್ರಭೆ, ಕೃಷ್ಣೆಯರ ದಂಡೆಯ ಊರುಗಳ ನೀರು ಒಂದು ಬಗೆಯದಾದರೆ ಹುನಗುಂದ, ಇಳಕಲ್ಲಿನ ಕಲ್ಲುನೆಲದ ಕೊಳವೆಬಾವಿಗಳ ನೀರು ಇನ್ನೊಂದು ಬಗೆಯದು. ಡಬ್ಬಿಯ ಮೇಲೆ ಅಚ್ಚಾದ ಪೋಷಕಾಂಶಗಳ ಪಟ್ಟಿಯಲ್ಲಿ ಈ ನೀರಿನ ಲೆಕ್ಕ ಇರುವುದಿಲ್ಲ. ಕೂಸಿನ ಕರುಳಿನಲ್ಲಿ ನೆಲೆಸುವ ಕೋಟ್ಯಂತರ ಸೂಕ್ಷ್ಮಜೀವಿಗಳ ಲೆಕ್ಕವಂತೂ ತೀರ ಇತ್ತೀಚಿನವರೆಗೆ ಪುಡಿ ತಯಾರಿಸುವವರಿಗೇ ಗೊತ್ತಿರಲಿಲ್ಲ.

ಎದೆಹಾಲಿಗೆ ಬದಲಿ ಹುಡುಕುವ ಮನೆಯ ಕೈಗೆ ಮೊದಲು ಸಿಗುವುದು ಎಮ್ಮೆಯ, ಆಕಳ ಅಥವಾ ಆಡಿನ ಹಾಲು. ಈ ಮೂರೂ ತಮ್ಮ ತಮ್ಮ ಕರುಗಳಿಗೆ, ಮರಿಗಳಿಗೆ ಹೊಂದುವಂತೆ ರೂಪುಗೊಂಡವು. ನೂರು ಮಿಲಿಲೀಟರ್ ಎದೆಹಾಲಿನಲ್ಲಿ ಸುಮಾರು 1 ಗ್ರಾಂ ಪ್ರೋಟೀನ್, 7 ಗ್ರಾಂ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ, ಮೂರೂವರೆಯಿಂದ ನಾಲ್ಕು ಗ್ರಾಂ ಕೊಬ್ಬು ಇದ್ದರೆ, ಎಮ್ಮೆ ಹಾಲಿನಲ್ಲಿ ಪ್ರೋಟೀನು ಅದರ ನಾಲ್ಕು ಪಟ್ಟು, ಕೊಬ್ಬು ಹೆಚ್ಚುಕಡಿಮೆ ಎರಡು ಪಟ್ಟು, ಸಕ್ಕರೆ ಮಾತ್ರ ಕಡಿಮೆ. ಪ್ರೋಟೀನಿನ ಪ್ರಮಾಣಕ್ಕಿಂತ ಅದರ ಜಾತಿ ಮುಖ್ಯ. ಹಾಲಿನ ಪ್ರೋಟೀನಿನಲ್ಲಿ ಎರಡು ಬಗೆ: ಹುಳಿ ತಾಕಿದೊಡನೆ ಹೆಪ್ಪುಗಟ್ಟುವ ಕೆಸೀನ್ ಒಂದು, ಹೆಪ್ಪಿನಿಂದ ಬೇರೆಯಾಗಿ ತಿಳಿನೀರಿನಲ್ಲೇ ಉಳಿಯುವ ಹಾಲೊಡಕಿನ ಪ್ರೋಟೀನ್ ಇನ್ನೊಂದು. ಎದೆಹಾಲಿನಲ್ಲಿ ಹಾಲೊಡಕಿನದೇ ಪಾಲು ಹೆಚ್ಚು, ಸುಮಾರು ಶೇ. 60, ಆಕಳು, ಎಮ್ಮೆಗಳ ಹಾಲಿನಲ್ಲಿ ಶೇ. 80ರಷ್ಟು ಕೆಸೀನೇ. ಆದ್ದರಿಂದ ಎಮ್ಮೆ ಹಾಲು ಎಳೆಯ ಹೊಟ್ಟೆಯಲ್ಲಿ ಗಟ್ಟಿಯಾದ, ಕರಗಲು ಹೊತ್ತು ಹಿಡಿಯುವ ಹೆಪ್ಪಾಗುತ್ತದೆ, ಎದೆಹಾಲು ಸಡಿಲವಾದ ನುಣುಪು ಹೆಪ್ಪಾಗುತ್ತದೆ. ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿದರೆ ಪ್ರೋಟೀನು ಹದಕ್ಕೆ ಬಂದರೂ ಶಕ್ತಿಯ ಅಂಶ ಕುಸಿಯುತ್ತದೆ. ನೀರು ಬೆರೆಸದಿದ್ದರೆ ಹೆಚ್ಚಿನ ಪ್ರೋಟೀನು ಮತ್ತು ಲವಣಗಳನ್ನು ಹೊರಹಾಕುವ ಭಾರ ಇನ್ನೂ ಬಲಿಯದ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ವರ್ಷ ತುಂಬದ ಕೂಸಿಗೆ ಆಕಳ ಹಾಲನ್ನೇ ಮುಖ್ಯ ಆಹಾರವಾಗಿಸಿದರೆ ಕಬ್ಬಿಣದ ಕೊರತೆಯಾಗುವುದಲ್ಲದೆ, ಕೆಲವು ಕೂಸುಗಳ ಕರುಳಿನ ಒಳಪದರದಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದೂ ಉಂಟು. ಹಗುರವಾದ ಹಾಲು ಎಂದು ಬಾದಾಮಿ, ಹುನಗುಂದದ ಕುರಿಗಾರರ ಸೀಮೆಯಲ್ಲಿ ಹೆಸರಾದ ಆಡಿನ ಹಾಲಿನಲ್ಲಿ ಫೋಲೇಟ್ ಎಂಬ ಜೀವಸತ್ವ ತೀರ ಕಡಿಮೆ. ಅದನ್ನೇ ನೆಚ್ಚಿಕೊಂಡ ಕೂಸಿಗೆ ರಕ್ತಹೀನತೆ ಬರುತ್ತದೆ, ಕಾಯಿಸದೆ ಕುಡಿಸಿದರೆ ಬ್ರುಸೆಲ್ಲೋಸಿಸ್ ಜ್ವರದ ಭಯವೂ ಇದೆ.

ಎಮ್ಮೆ ಹಾಲನ್ನು ಎಳೆಗೂಸಿಗೆ ಹೊಂದಿಸುವ ಸಮಸ್ಯೆಗೆ ಉತ್ತರ ಹುಡುಕಿದ್ದು ಕರ್ನಾಟಕದ ಸಂಸ್ಥೆಯೇ ಎಂಬುದು ಹೆಚ್ಚು ಜನರಿಗೆ ತಿಳಿಯದ ಸಂಗತಿ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ, ಸಿಎಫ್‌ಟಿಆರ್‌ಐ ಎಂದು ಪರಿಚಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ, ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದ ಅವಧಿಯಲ್ಲಿ, ಎಂ.ಆರ್. ಚಂದ್ರಶೇಖರ ಮತ್ತು ಸಂಗಡಿಗರು ಎಮ್ಮೆ ಹಾಲಿನ ಹೆಪ್ಪಿನ ಗಡಸುತನವನ್ನು ಅಳೆಯುತ್ತ, ಯಾವ ಸಂಸ್ಕರಣೆಯಿಂದ ಅದು ಎಷ್ಟು ಮೆದುವಾಗುತ್ತದೆ ಎಂಬುದನ್ನು ಪರೀಕ್ಷಿಸಿದರು. ಅಂದು ದೇಶಕ್ಕೆ ಬೇಕಾದ ಮಕ್ಕಳ ಹಾಲಿನ ಪುಡಿಗೆ ವಿದೇಶಿ ಕಂಪನಿಗಳೇ ಗತಿಯಾಗಿದ್ದವು. ಎಮ್ಮೆ ಹಾಲಿನಿಂದ ಇಂಥ ಪುಡಿ ಆಗದೆಂಬ ಅಭಿಪ್ರಾಯ ವಿದೇಶಿ ತಜ್ಞರಲ್ಲಿ ಬಲವಾಗಿತ್ತು, ಏಕೆಂದರೆ ಅವರ ದೇಶಗಳಲ್ಲಿ ಎಮ್ಮೆ ಕಟ್ಟಿ ಹಾಲು ಕರೆಯುವವರೇ ಇರಲಿಲ್ಲ. ಕೊಬ್ಬನ್ನು ತಗ್ಗಿಸಿ, ಲವಣಗಳ ಹದ ತಿದ್ದಿ, ಸಕ್ಕರೆ ಮತ್ತು ಜೀವಸತ್ವಗಳನ್ನು ಕೂಡಿಸಿ ಮೈಸೂರಿನಲ್ಲಿ ರೂಪಿಸಿದ ವಿಧಾನವನ್ನು ಗುಜರಾತಿನ ಆಣಂದದ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಸಂಘ ಕೈಗೆತ್ತಿಕೊಂಡು, 1960ರ ಸುಮಾರಿಗೆ ಅಮುಲ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದಿನ ಅಳತೆಯಲ್ಲಿ ಆ ಪುಡಿ ಒರಟೆನಿಸಬಹುದು. ಆದರೂ ತನ್ನ ಕೊಟ್ಟಿಗೆಯಲ್ಲಿರುವ ಹಾಲಿನಿಂದಲೇ ಕೆಲಸ ಆರಂಭಿಸಿದ ಆ ವಿಜ್ಞಾನಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲೆಗಳಿಗೂ ಅಂಗನವಾಡಿಗಳಿಗೂ ಬರುವ ನಂದಿನಿ ಕೆನೆಭರಿತ ಹಾಲಿನ ಪುಡಿ, ನೀರಿನಂಶ ತೆಗೆದ ಹಾಲೇ ಹೊರತು ಎಳೆಗೂಸಿಗೆಂದು ತಿದ್ದಿದ ಆಹಾರವಲ್ಲ. ಮೂರು ವರ್ಷ ದಾಟಿದ ಮಗುವಿಗೆ ಒಳ್ಳೆಯದಾದ ಈ ಪುಡಿ ಮೂರು ತಿಂಗಳ ಕೂಸಿಗೆ ಒಳ್ಳೆಯದಲ್ಲ.

ಎಳೆಗೂಸಿನ ಪುಡಿಯ ಹದಕ್ಕೆ ಅಂತರರಾಷ್ಟ್ರೀಯ ಮಾನದಂಡವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಗಳು ಕೂಡಿ ನಡೆಸುವ ಕೋಡೆಕ್ಸ್ ಆಯೋಗ 1981ರಲ್ಲಿ ನಿಗದಿಪಡಿಸಿ ಆಮೇಲೆ ಪರಿಷ್ಕರಿಸಿದ ನಿಯಮದಂತೆ, ಕುಡಿಯಲು ಸಿದ್ಧವಾದ 100 ಮಿಲಿಲೀಟರ್ ಹಾಲಿನಲ್ಲಿ 60ರಿಂದ 70 ಕಿಲೋಕ್ಯಾಲರಿ ಶಕ್ತಿಯಿರಬೇಕು, ಪ್ರತಿ 100 ಕಿಲೋಕ್ಯಾಲರಿಗೆ ಪ್ರೋಟೀನು 1.8ರಿಂದ 3 ಗ್ರಾಂನೊಳಗೆ, ಕೊಬ್ಬು 4.4ರಿಂದ 6 ಗ್ರಾಂನೊಳಗೆ ಇರಬೇಕು. ಕಾರ್ಖಾನೆಯಲ್ಲಿ ಕೆನೆ ತೆಗೆದ ಹಾಲಿಗೆ ಲವಣ ಇಳಿಸಿದ ಹಾಲೊಡಕನ್ನು ಸೇರಿಸಿ ಪ್ರೋಟೀನಿನ ಪಾಲನ್ನು ಎದೆಹಾಲಿನ ಹತ್ತಿರಕ್ಕೆ ತರುತ್ತಾರೆ. ಬೆಣ್ಣೆಯ ಕೊಬ್ಬಿನ ಬದಲು ತಾಳೆ, ಕೊಬ್ಬರಿ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮಿಶ್ರಣವನ್ನು, ಅದರೊಂದಿಗೆ ಲ್ಯಾಕ್ಟೋಸ್, ಖನಿಜ, ಜೀವಸತ್ವಗಳನ್ನು ಬೆರೆಸುತ್ತಾರೆ. ಈ ಮಿಶ್ರಣವನ್ನು ಕಾಯಿಸಿ, ಕೊಬ್ಬಿನ ಹನಿಗಳು ಒಡೆದು ಸಮವಾಗಿ ಹರಡುವಂತೆ ಒತ್ತಡದಿಂದ ಹಾಯಿಸಿ, ನಿರ್ವಾತದಲ್ಲಿ ಕುದಿಸಿ ಗಟ್ಟಿಮಾಡಿ, ಎತ್ತರದ ಗೋಪುರದೊಳಗೆ ಮಂಜಿನಂತೆ ಚಿಮ್ಮಿಸುತ್ತಾರೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಗಾಳಿ ಎದುರಾದೊಡನೆ ಹನಿಯ ನೀರು ಕ್ಷಣಮಾತ್ರದಲ್ಲಿ ಆವಿಯಾಗಿ ಪುಡಿ ಕೆಳಗೆ ಉದುರುತ್ತದೆ. ಗಾಳಿ ಅಷ್ಟು ಬಿಸಿಯಾಗಿದ್ದರೂ, ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಹನಿ ಅಷ್ಟು ಬಿಸಿಯೇರುವುದಿಲ್ಲ. ಹೀಗಾಗಿ ಪುಡಿ ರೋಗಾಣುರಹಿತ ಎಂದು ಯಾವ ಕಾರ್ಖಾನೆಯೂ ಹೇಳಲಾರದು. ಒಣಗಿದ ಮೇಲೆ ಸೇರಿಕೊಳ್ಳಬಲ್ಲ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. 2022ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಒಂದು ದೊಡ್ಡ ಕಾರ್ಖಾನೆ ಇದೇ ಬ್ಯಾಕ್ಟೀರಿಯಾದ ಕಾರಣಕ್ಕೆ ಬಾಗಿಲು ಹಾಕಿದಾಗ, ಆ ಶ್ರೀಮಂತ ದೇಶದಲ್ಲೇ ಡಬ್ಬಿ ಹಾಲಿಗೆ ತಿಂಗಳುಗಟ್ಟಲೆ ಅಭಾವ ಉಂಟಾಯಿತು.

ಇಷ್ಟೆಲ್ಲ ತಿದ್ದಿದ ಮೇಲೂ ಪುಡಿಗೂ ಎದೆಹಾಲಿಗೂ ಉಳಿದ ದೊಡ್ಡ ಅಂತರ ಕರುಳಿನಲ್ಲಿ ಕಾಣಿಸಿಕೊಳ್ಳುತ್ತದೆ. 1900ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ, ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಬ್ಯಾಕ್ಟೀರಿಯಾ ತುಂಬಿಕೊಂಡಿರುವುದನ್ನು ಕಂಡರು. ಬಾಟಲಿ ಹಾಲಿನ ಕೂಸುಗಳಲ್ಲಿ ಅದು ವಿರಳವಾಗಿತ್ತು. ಇಂದು ಬಿಫಿಡೋಬ್ಯಾಕ್ಟೀರಿಯಂ ಎನಿಸುವ ಈ ಜೀವಿಗೆ ಎದೆಹಾಲಿನಲ್ಲಿ ಏನು ಮೇವು ಸಿಗುತ್ತದೆ ಎಂಬುದು ಅರ್ಧ ಶತಮಾನ ಕಳೆದು, 1950ರ ದಶಕದಲ್ಲಿ ಪಾಲ್ ಗ್ಯೋರ್ಗಿ ಮತ್ತು ರಿಚರ್ಡ್ ಕೂನ್ ಮೊದಲಾದವರ ಕೆಲಸದಿಂದ ತಿಳಿಯಿತು. ಎದೆಹಾಲಿನ ಪ್ರತಿ ಲೀಟರಿನಲ್ಲಿ 5ರಿಂದ 15 ಗ್ರಾಂನಷ್ಟು ಒಲಿಗೋಸ್ಯಾಕರೈಡ್‌ಗಳು, ಅಂದರೆ ಹಲವು ಸಕ್ಕರೆ ಕಣಗಳು ಕೊಂಡಿ ಹಾಕಿಕೊಂಡ ಚಿಕ್ಕ ಸರಪಣಿಗಳು ಇವೆ. ಇವುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಇವನ್ನು ಒಡೆಯುವ ಕಿಣ್ವವೇ ಕೂಸಿನಲ್ಲಿ ಇಲ್ಲ. ತಾಯಿಯ ದೇಹ ಅಷ್ಟು ಶಕ್ತಿ ವ್ಯಯಿಸಿ, ಕೂಸು ಅರಗಿಸಿಕೊಳ್ಳಲಾರದ ವಸ್ತುವನ್ನು ಹಾಲಿನಲ್ಲಿ ಹೆಚ್ಚುಕಡಿಮೆ ಪ್ರೋಟೀನಿನಷ್ಟೇ ಪ್ರಮಾಣದಲ್ಲಿ ಇಡುವುದು ವಿಚಿತ್ರವಾಗಿ ತೋರಬಹುದು. ಆದರೆ ಆ ಪಾಲು ಕೂಸಿಗಲ್ಲ, ಕೂಸಿನ ದೊಡ್ಡ ಕರುಳಿನಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳಿಗೆ. ಅವುಗಳಲ್ಲೂ ಬಿಫಿಡೋಬ್ಯಾಕ್ಟೀರಿಯಂನ ಇನ್‌ಫಾಂಟಿಸ್ ಎಂಬ ಉಪಜಾತಿ ಈ ಸರಪಣಿಗಳನ್ನು ಇಡಿಯಾಗಿ ಒಳಗೆಳೆದುಕೊಂಡು ಒಡೆಯಬಲ್ಲದು. 2008ರಲ್ಲಿ ಅದರ ಜೀನೋಮ್ ಓದಿದಾಗ ಇದಕ್ಕೆಂದೇ ಮೀಸಲಾದ ಜೀನ್‌ಗಳ ಒಂದು ದೊಡ್ಡ ಗುಂಪು ಕಂಡುಬಂದಿತು.

ಈ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿ ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳನ್ನು ಬಿಡುತ್ತದೆ, ಅದರಿಂದ ಕರುಳಿನ ಒಳಗು ಹುಳಿಯಾಗುತ್ತದೆ, ಹುಳಿಯಲ್ಲಿ ಭೇದಿ ತರುವ ಹಲವು ಬ್ಯಾಕ್ಟೀರಿಯಾಗಳು ತಲೆಯೆತ್ತಲಾರವು. ಇದರ ಗುರುತು ಬಟ್ಟೆಯಲ್ಲೇ ಕಾಣುತ್ತದೆ: ಎದೆಹಾಲಿನ ಕೂಸಿನ ಮಲ ಅರಿಸಿನ ಬಣ್ಣದ್ದು, ತೆಳುವಾದುದು, ಸಾಸಿವೆಯಂಥ ಸಣ್ಣ ಕಾಳುಗಳುಳ್ಳದ್ದು, ತುಸು ಹುಳಿ ವಾಸನೆಯದು, ಡಬ್ಬಿ ಹಾಲಿನ ಕೂಸಿನದು ಗಟ್ಟಿ, ಬಣ್ಣ ಮಬ್ಬು, ನಾತ ಹೆಚ್ಚು. ದಿನಕ್ಕೆ ಆರೇಳು ಸಲ ತೆಳ್ಳಗೆ ಕಕ್ಕ ಮಾಡುವ ಎದೆಹಾಲಿನ ಕೂಸಿಗೆ ಭೇದಿಯಾಗಿದೆಯೆಂದು ಹೆದರಿ, ಹಾಲು ನಿಲ್ಲಿಸಿ ಡಬ್ಬಿ ತರುವ ಮನೆಗಳಿವೆ. ಅಲ್ಲಿ ಆರೋಗ್ಯವೇ ರೋಗವೆನಿಸಿಕೊಂಡಿರುತ್ತದೆ. ಡಬ್ಬಿ ಹಾಲಿನ ಕೂಸಿನ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚು ಎಂಬುದೂ ನಿಜವೇ. ದೊಡ್ಡವರ ಕರುಳಿಗೆ ಒಳ್ಳೆಯ ಲಕ್ಷಣವಾದ ಈ ವೈವಿಧ್ಯವನ್ನು ಎಳೆಗೂಸಿನಲ್ಲಿ ಹಾಗೆ ಎಣಿಸಲಾಗದು, ಏಕೆಂದರೆ ಬಿಫಿಡೋಬ್ಯಾಕ್ಟೀರಿಯಂ ಬಿಟ್ಟ ಜಾಗಕ್ಕೆ ಬರುವವುಗಳಲ್ಲಿ ಅವಕಾಶ ಸಿಕ್ಕರೆ ಕೇಡು ಮಾಡುವ ಗುಂಪುಗಳು ಸೇರಿರುತ್ತವೆ. ಅಲರ್ಜಿ, ಬೊಜ್ಜು ಮೊದಲಾದ ಮುಂದಿನ ವರ್ಷಗಳ ತೊಂದರೆಗಳನ್ನು ಇದಕ್ಕೆ ಜೋಡಿಸುವ ಅಧ್ಯಯನಗಳು ಬಹಳ ಇದ್ದರೂ ಅವು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಿದ್ಧಪಡಿಸುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ವಿಷಯ ಬೇರೆ. 926 ಕೂಸುಗಳನ್ನು ಕುರಿತು 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಕರುಳಿನ ಗೋಡೆಯೇ ಕೊಳೆಯುವ ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಎಂಬ ಪ್ರಾಣಾಂತಕ ರೋಗ, ಕೇವಲ ಪುಡಿ ಹಾಲು ಕುಡಿದವುಗಳಲ್ಲಿ ಕೇವಲ ಎದೆಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚಿತ್ತು.

ಈಗೀಗ ಕೆಲವು ದುಬಾರಿ ಡಬ್ಬಿಗಳಿಗೆ ಎದೆಹಾಲಿನ ಒಲಿಗೋಸ್ಯಾಕರೈಡ್‌ಗಳಲ್ಲಿ ಒಂದೆರಡನ್ನು ಸೇರಿಸುತ್ತಿದ್ದಾರೆ. ಅವನ್ನು ತಾಯಂದಿರ ಹಾಲಿನಿಂದ ತೆಗೆಯುವುದಿಲ್ಲ. ಜೀನ್ ತಿದ್ದಿದ ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ತಯಾರಿಸಿದ್ದನ್ನು ಶುದ್ಧಗೊಳಿಸಿ ಬಳಸುತ್ತಾರೆ. ಥಿಯೊಡೋರ್ ಎಶೆರಿಕ್ 1885ರಲ್ಲಿ ಕೂಸುಗಳ ಮಲದಲ್ಲೇ ಕಂಡುಹಿಡಿದ ಬ್ಯಾಕ್ಟೀರಿಯಾ ಈಗ ಕೂಸುಗಳಿಗೇ ದುಡಿಯುತ್ತಿದೆ. ನೂರೈವತ್ತರಲ್ಲಿ ಒಂದೆರಡು ಬಂದವು ಎಂಬುದನ್ನು ಸಾಧನೆಯೆಂದು ಒಪ್ಪಬಹುದಾದರೂ, ತಾಯಿಯ ಹಾಲಿಗೆ ಸಮ ಎಂಬ ಮಾತಿಗೆ ಅದು ಆಧಾರವಾಗಲಾರದು.

ಬಾಗಲಕೋಟೆ ಜಿಲ್ಲೆಯಲ್ಲಿ ಕರುಳಿನ ಈ ವಿಜ್ಞಾನ ಜೀವನ್ಮರಣದ ಪ್ರಶ್ನೆಯಾದ ಸಂದರ್ಭವೂ ಇತ್ತು. 2003ರಲ್ಲಿ ಇಲ್ಲಿನ ಸಾಮಾನ್ಯ ಜನರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಸುಮಾರು ಶೇ. 2.9 ಎಂದು ಕಂಡುಬಂದಿತ್ತು. ದೇಶದ ಸರಾಸರಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ವೈರಾಣು ಎದೆಹಾಲಿನ ಮೂಲಕವೂ ದಾಟಬಲ್ಲದಾದ್ದರಿಂದ, ಸೋಂಕಿತ ತಾಯಿ ಹಾಲೂಡಿಸಬೇಕೇ ಡಬ್ಬಿ ತರಬೇಕೇ ಎಂಬುದು ಹೆರಿಗೆ ಕೋಣೆಯ ಬಾಗಿಲಲ್ಲೇ ಎದುರಾಗುವ ಪ್ರಶ್ನೆಯಾಗಿತ್ತು. ಡಬ್ಬಿಯೇ ಸುರಕ್ಷಿತ ಎಂಬುದು ಸಹಜವಾಗಿ ಹೊಳೆಯುವ ಉತ್ತರ. ಆದರೆ ದಕ್ಷಿಣ ಆಫ್ರಿಕದ ಡರ್ಬಾನಿನಿಂದ 1999ರಲ್ಲಿ ಬಂದ ಅಧ್ಯಯನವೊಂದು, ಬರಿಯ ಎದೆಹಾಲು ಕುಡಿದ ಕೂಸುಗಳಿಗಿಂತ ಎದೆಹಾಲು ಮತ್ತು ಇತರ ಹಾಲು, ನೀರು, ಅಂಬಲಿ ಎಲ್ಲವನ್ನೂ ಬೆರಕೆಯಾಗಿ ಕುಡಿದ ಕೂಸುಗಳಿಗೆ ಸೋಂಕು ಹೆಚ್ಚು ತಗಲಿದ್ದನ್ನು ತೋರಿಸಿತು. ಹೊರಗಿನ ಆಹಾರ ಮತ್ತು ಅದರೊಡನೆ ಬರುವ ರೋಗಾಣುಗಳಿಂದ ಎಳೆಯ ಕರುಳಿನ ಒಳಪದರ ಕೆರಳಿ, ವೈರಾಣುವಿಗೆ ದಾರಿಯಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಬೋಟ್ಸ್ವಾನಾ ದೇಶದಲ್ಲಿ ಸರ್ಕಾರವೇ ಸೋಂಕಿತ ತಾಯಂದಿರಿಗೆ ಪುಡಿಯನ್ನು ಉಚಿತವಾಗಿ ಹಂಚಿತ್ತು; 2006ರ ಆರಂಭದ ಭಾರಿ ಮಳೆಗೆ ನೀರು ಕಲುಷಿತವಾಗಿ ಭೇದಿ ಹಬ್ಬಿದಾಗ ಎಚ್‌ಐವಿಯಿಂದ ಪಾರಾದ ಕೂಸುಗಳೂ ಸೇರಿ ನೂರಾರು ಮಕ್ಕಳು ಸತ್ತವು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಈಗ ನಮ್ಮಲ್ಲೂ ಸೋಂಕಿತ ತಾಯಿಗೆ ಜೀವನಪೂರ್ತಿ ಎಆರ್‌ಟಿ ಔಷಧಿ, ಕೂಸಿಗೆ ತಡೆ ಔಷಧಿ ಕೊಟ್ಟು, ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕೊಡುವುದು ಮೊದಲ ಆಯ್ಕೆ. ಡಬ್ಬಿಯನ್ನೇ ಆರಿಸಿಕೊಂಡರೆ ಡಬ್ಬಿಯನ್ನಷ್ಟೇ ಕೊಡಬೇಕು, ಎರಡನ್ನೂ ಬೆರಸಬಾರದು.

ಎದೆಹಾಲನ್ನಷ್ಟೇ ಎಂಬ ಮಾತು ಸೋಂಕಿಲ್ಲದ ಮನೆಗಳಲ್ಲೂ ಪೂರ್ತಿ ನಡೆಯುವುದಿಲ್ಲ. ಹುಟ್ಟಿದ ದಿನ ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಗುಟ್ಟಿ ಹಾಕುವುದು ಇನ್ನೂ ರೂಢಿಯಲ್ಲಿವೆ. ಬಾಗಲಕೋಟೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಕೂಸಿನ ಗಂಟಲು ಒಣಗುತ್ತದೆಂದು ನೀರು ಹನಿಸುವ ಹಿರಿಯರಿದ್ದಾರೆ. ಎದೆಹಾಲಿನಲ್ಲಿ ಶೇ. 87ಕ್ಕೂ ಹೆಚ್ಚು ನೀರೇ ಇರುವುದರಿಂದ ಈ ನೀರು ಅನಗತ್ಯ, ಜೇನುತುಪ್ಪದಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳಿರಬಹುದಾದ್ದರಿಂದ ಅದು ವರ್ಷದೊಳಗಿನ ಕೂಸಿಗೆ ಅಪಾಯ. ಡಬ್ಬಿಗೆ ನಿಜವಾದ ಕಾರಣಗಳೂ ಇವೆ. ತಾಯಿ ತೀರಿಕೊಂಡಿರಬಹುದು, ಎದೆಹಾಲಿನೊಂದಿಗೆ ಹೊಂದದ ಔಷಧಿ ನಡೆಯುತ್ತಿರಬಹುದು, ಬಾದಾಮಿ, ಹುನಗುಂದಗಳಿಂದ ಗೋವೆ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದ ತಾಯಿಗೆ ದಿನವಿಡೀ ಕೂಸಿನ ಬಳಿ ಇರಲು ಆಗದಿರಬಹುದು. ಅಂಥ ಮನೆಯ ಮೇಲೆ ತಪ್ಪು ಹೊರಿಸುವುದು ಸಲ್ಲದು. ಡಬ್ಬಿಯನ್ನು ಸರಿಯಾಗಿ ಬಳಸುವ ತಿಳಿವಳಿಕೆ ಅವರಿಗೆ ಸಿಗಬೇಕು.

ಖರ್ಚಿನ ಲೆಕ್ಕದಿಂದಲೇ ತೊಡಕು ಆರಂಭವಾಗುತ್ತದೆ. ಐದು ಕಿಲೋ ತೂಗುವ ಕೂಸು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕುಡಿಯುತ್ತದೆ, ಅದಕ್ಕೆ ನೂರು ಗ್ರಾಂನಷ್ಟು ಪುಡಿ ಬೇಕು, ಹಾಗಾದರೆ 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಖಾಲಿ, ತಿಂಗಳಿಗೆ ಏಳೆಂಟು ಡಬ್ಬಿ. ಮಗ್ಗದ ಕೂಲಿಯನ್ನೇ ನಂಬಿದ ಇಳಕಲ್ಲಿನ ನೇಕಾರರ ಮನೆಯಲ್ಲಿ ಡಬ್ಬಿ ನಾಲ್ಕರ ಬದಲು ಎಂಟು ದಿನ ಬರಲೆಂದು ಮೂವತ್ತು ಮಿಲಿಲೀಟರಿಗೆ ಹಾಕಬೇಕಾದ ಒಂದು ಚಮಚ ಪುಡಿಯನ್ನು ಅರವತ್ತಕ್ಕೆ ಹಾಕಿದರೆ, ಹೊಟ್ಟೆ ತುಂಬಿದಂತೆ ಕಾಣುವ ಕೂಸು ಬಡವಾಗುತ್ತ ಹೋಗುತ್ತದೆ. ಈ ಆಮಿಷ ಮತ್ತು ಆಪತ್ತುಗಳನ್ನು ಕಂಡೇ ವಿಶ್ವ ಆರೋಗ್ಯ ಸಭೆ 1981ರಲ್ಲಿ ಡಬ್ಬಿ ಹಾಲಿನ ಮಾರಾಟಕ್ಕೆ ಸಂಹಿತೆಯನ್ನು ಅಂಗೀಕರಿಸಿತು. ಭಾರತ 1992ರಲ್ಲಿ ಕಾಯ್ದೆ ಮಾಡಿ, 2003ರಲ್ಲಿ ತಿದ್ದುಪಡಿಯಿಂದ ಬಿಗಿಗೊಳಿಸಿತು. ಅದರಂತೆ ಡಬ್ಬಿ ಹಾಲಿಗೆ ಜಾಹೀರಾತು ಕೊಡುವಂತಿಲ್ಲ, ಉಚಿತ ಮಾದರಿ ಹಂಚುವಂತಿಲ್ಲ, ಡಬ್ಬಿಯ ಮೇಲೆ ತಾಯಿಯ ಅಥವಾ ಕೂಸಿನ ಚಿತ್ರ ಅಚ್ಚು ಹಾಕುವಂತಿಲ್ಲ. ಮೊಬೈಲಿನ ಪರದೆಯಲ್ಲಿ ಈ ಕಾಯ್ದೆ ಎಷ್ಟು ನಡೆಯುತ್ತಿದೆ ಎಂಬುದು ಬೇರೆ ಮಾತು.

ಇನ್ನು ನೀರು. ಹುನಗುಂದ, ಇಳಕಲ್ಲಿನ ಸುತ್ತಲಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಹಳೆಯ ಸಮಸ್ಯೆ. ಇಳಕಲ್ಲಿಗೆ ಹೆಸರು ತಂದ ಕೆಂಪು ಗ್ರಾನೈಟಿನಂಥ ಶಿಲೆಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿದ್ದು, ಆಳದ ನೀರು ವರ್ಷಾನುಗಟ್ಟಲೆ ಅವುಗಳ ಸಂಪರ್ಕದಲ್ಲಿದ್ದಾಗ ಅದು ಕರಗಿ ಸೇರುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹ್ಯ. ಕೂಸಿಗೆ ಈ ಮಿತಿಯೂ ಹೆಚ್ಚೇ. 1.5 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ಕಲಸಿದ 750 ಮಿಲಿಲೀಟರ್ ಹಾಲು ಕುಡಿದ ಕೂಸಿಗೆ ದಿನಕ್ಕೆ ಒಂದು ಮಿಲಿಗ್ರಾಂ ದಾಟಿ ಫ್ಲೋರೈಡ್ ಸೇರುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಅಮೆರಿಕದ ಪೋಷಣ ತಜ್ಞರು ಹಾಕಿದ ಗರಿಷ್ಠ ಮಿತಿ ದಿನಕ್ಕೆ 0.7 ಮಿಲಿಗ್ರಾಂ. ಅದೇ ಬಾವಿಯ ನೀರು ಕುಡಿಯುವ ತಾಯಿಯ ಎದೆಹಾಲಿಗೆ ಇಳಿಯುವ ಫ್ಲೋರೈಡ್ ಅತ್ಯಲ್ಪ. ತಾಯಿಯ ದೇಹ ಇಲ್ಲಿ ಸೋಸುವ ಯಂತ್ರಕ್ಕಿಂತ ಚೆನ್ನಾಗಿ ಸೋಸುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹೊಲದ ಗೊಬ್ಬರದಿಂದಲೂ ತಿಪ್ಪೆಯಿಂದಲೂ ಇಳಿಯುವ ನೈಟ್ರೇಟ್‌ನದೂ ಇದೇ ಕಥೆ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಿಂದ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಯಾಗಬಹುದು.

ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ, ಆದರೆ ಮಳೆಗಾಲದಲ್ಲಿ ಅದು ಕೆಂಪಗೆ ಕದಡಿ ಹೊಲಸನ್ನೆಲ್ಲ ಹೊತ್ತು ಬರುತ್ತದೆ. ಕೊಳವೆಬಾವಿಯ ನೀರು ಕಣ್ಣಿಗೆ ತಿಳಿ, ಅದರ ದೋಷ ಪರೀಕ್ಷೆಯಿಲ್ಲದೆ ತಿಳಿಯದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಆರ್‌ಒ ಯಂತ್ರ ಕೆಟ್ಟಿರದಿದ್ದರೆ ಫ್ಲೋರೈಡ್ ಬಹುಪಾಲು ಕಳೆಯುತ್ತದೆ, ಆದರೆ ಆ ನೀರು ಕ್ಯಾನಿನಲ್ಲಿ ಎರಡು ದಿನ ನಿಂತರೆ ರೋಗಾಣುಮುಕ್ತವಾಗಿ ಉಳಿಯುವುದಿಲ್ಲ. ಹಾಗಾಗಿ ಡಬ್ಬಿ ಹಾಲಿಗೆ ಘಟಕದ ನೀರನ್ನೇ ತಂದು, ಅದನ್ನೂ ಕುದಿಸಬೇಕು. ಕುದಿಸಿ ಇಳಿಸಿದ ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ತಣ್ಣಗಾಗುವ ಮುನ್ನ ಪುಡಿ ಬೆರೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ ಹೇಳುತ್ತದೆ. ಪುಡಿಯಲ್ಲೇ ಇರಬಹುದಾದ ಕ್ರೋನೋಬ್ಯಾಕ್ಟರ್ ಸಾಯುವುದು ಅಷ್ಟು ಬಿಸಿಗೆ. ಹಲವು ಡಬ್ಬಿಗಳ ಮೇಲೆ ಉಗುರುಬೆಚ್ಚಗಿನ ನೀರು ಸಾಕೆಂದಿರುತ್ತದೆ. ತೂಕ ಕಡಿಮೆಯಿರುವ, ಅವಧಿಗೆ ಮುನ್ನ ಹುಟ್ಟಿದ, ಎರಡು ತಿಂಗಳೊಳಗಿನ ಕೂಸಿನ ಮಟ್ಟಿಗೆ ಆ ಸೂಚನೆಗಿಂತ ಮಾರ್ಗಸೂಚಿಯೇ ಸುರಕ್ಷಿತ. ಬೆರೆಸಿದ ಹಾಲನ್ನು ಕುಡಿಯುವ ಹದಕ್ಕೆ ಆರಿಸಿ, ರಬ್ಬರ್ ನಿಪ್ಪಲಿನ ಸಂದಿಯಲ್ಲಿ ಹಾಲು ಹಳಸುವ ಬಾಟಲಿಗಿಂತ, ಒಳಗೆಲ್ಲ ಬೆರಳು ಹೋಗಿ ತೊಳೆಯಲು ಬರುವ ಒಳಲೆಯಲ್ಲೋ ಚಿಕ್ಕ ಬಟ್ಟಲಲ್ಲೋ ಕುಡಿಸುವುದು ಮೇಲು. ಎರಡು ಗಂಟೆ ಮೀರಿದ ಹಾಲನ್ನು, ಎಷ್ಟೇ ಉಳಿದಿದ್ದರೂ, ಮತ್ತೆ ಬಿಸಿಮಾಡದೆ ಚೆಲ್ಲಬೇಕು.